ಬಿಸಿಲೇ ತೊಳೆಯುವ ಗೋಡೆ: ನ್ಯಾನೋ ಲೇಪನದ ಮಾತು ಎಷ್ಟು ನಿಜ, ನಮ್ಮ ಧೂಳಿನ ಮುಂದೆ ಅದರ ಆಟ ಎಷ್ಟು ನಡೆಯುತ್ತೆ?

ಮಳೆಗಾಲ ಮುಗಿಯುವಷ್ಟರಲ್ಲಿ ಮುಂಬೈಯ ಹೌಸಿಂಗ್ ಸೊಸೈಟಿಗಳ ಗೋಡೆಗಳಲ್ಲಿ ಪಾಚಿಯ ಕಪ್ಪು ಪಟ್ಟೆಗಳು ಇಳಿದಿರುತ್ತವೆ. ಹೈದರಾಬಾದ್, ಪುಣೆಯ ಐಟಿ ಕಟ್ಟಡಗಳ ಗಾಜು ಒರೆಸಲು ಹಗ್ಗಕ್ಕೆ ಜೋತುಬಿದ್ದ ಕಾರ್ಮಿಕರು ಹತ್ತಾರು ಮಹಡಿಗಳ ಎತ್ತರದಲ್ಲಿ ಕಾಣಿಸುತ್ತಾರೆ. ದೆಹಲಿಯಲ್ಲಂತೂ ನವೆಂಬರ್ ಬಂತೆಂದರೆ ಬಾಲ್ಕನಿಯ ಗಿಡದ ಎಲೆಯೂ ಬೂದು ಬಣ್ಣಕ್ಕೆ ತಿರುಗುತ್ತದೆ. ಇಷ್ಟೆಲ್ಲ ತಲೆನೋವಿಗೂ ಒಂದೇ ಮದ್ದು ಎಂಬಂತೆ ಓಡಾಡುತ್ತಿರುವ ಪದ 'ನ್ಯಾನೋ ಕೋಟಿಂಗ್'. ಬಿಸಿಲು ಬಿದ್ದರೆ ಸಾಕು, ಗೋಡೆ ತನ್ನನ್ನು ತಾನೇ ತೊಳೆದುಕೊಳ್ಳುತ್ತದೆ, ಸಾಲದ್ದಕ್ಕೆ ಸುತ್ತಲಿನ ಹೊಗೆಯನ್ನೂ ತಿನ್ನುತ್ತದೆ ಎಂಬುದು ಅದರ ಜಾಹೀರಾತಿನ ಸಾರ.

ಇದು ಬರೀ ಮಾರಾಟಗಾರರ ಮಾತಾಗಿ ಉಳಿದಿಲ್ಲ. ಟೈಟೇನಿಯಂ ಡೈಆಕ್ಸೈಡ್ ಬಳಿದ 'ಹೊಗೆಮಂಜು ತಿನ್ನುವ' ಮೇಲ್ಮೈಗಳ ವಿಚಾರ ದೆಹಲಿಯ ಆಡಳಿತದ ಮಟ್ಟದಲ್ಲೂ ಬಂದಿದೆ. ಕೋವಿಡ್ ಕಾಲದಲ್ಲಿ ರೈಲ್ವೆ ಇಲಾಖೆ ಇದೇ ಲೇಪನವನ್ನು ಬೋಗಿಯೊಳಗೆ ಬಳಿದು ತೋರಿಸಿತ್ತು. ಅಂದರೆ ಸಾರ್ವಜನಿಕರ ತೆರಿಗೆ ಹಣ ಇತ್ತ ಹರಿಯುವ ಕಾಲ ದೂರವಿಲ್ಲ. ಹಾಗಾಗಿ ಈ ತಂತ್ರಜ್ಞಾನದಲ್ಲಿ ಗಟ್ಟಿ ಎಷ್ಟು, ಜೊಳ್ಳು ಎಷ್ಟು ಎಂದು ಈಗಲೇ ಕೇಳುವುದು ಒಳ್ಳೆಯದು.

ಶುರುವಾಗಿದ್ದು ಟೋಕಿಯೊದಲ್ಲಿ

ಕಥೆ ಹಳೆಯದು. 1960ರ ದಶಕದ ಕೊನೆಯಲ್ಲಿ ಟೋಕಿಯೊ ವಿಶ್ವವಿದ್ಯಾಲಯದಲ್ಲಿ ಸಂಶೋಧನಾ ವಿದ್ಯಾರ್ಥಿಯಾಗಿದ್ದ ಅಕಿರಾ ಫುಜಿಶಿಮಾ, ನೀರಿನಲ್ಲಿ ಮುಳುಗಿಸಿದ ಟೈಟೇನಿಯಂ ಡೈಆಕ್ಸೈಡ್ ಹರಳಿನ ಮೇಲೆ ಬೆಳಕು ಬಿಟ್ಟಾಗ ನೀರು ಒಡೆದು ಆಮ್ಲಜನಕದ ಗುಳ್ಳೆಗಳು ಏಳುವುದನ್ನು ಕಂಡರು. ತಮ್ಮ ಗುರು ಕೆನಿಚಿ ಹೊಂಡಾ ಜೊತೆ ಅವರು 1972ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಇದನ್ನು ಪ್ರಕಟಿಸಿದರು. ಆಗ ಎಲ್ಲರ ಕಣ್ಣು ಇದ್ದದ್ದು ನೀರಿನಿಂದ ಹೈಡ್ರೋಜನ್ ತೆಗೆಯುವುದರ ಮೇಲೆ. ಗೋಡೆ ತೊಳೆಯುವ ವಿಚಾರ ಯಾರ ತಲೆಯಲ್ಲೂ ಇರಲಿಲ್ಲ.

ಟೈಟೇನಿಯಂ ಡೈಆಕ್ಸೈಡ್ ಎಂದರೆ ಅಪರೂಪದ ವಸ್ತುವೇನಲ್ಲ. ಮನೆಗೆ ಬಳಿಯುವ ಬಿಳಿ ಬಣ್ಣ, ಟೂತ್‌ಪೇಸ್ಟ್, ಸನ್‌ಸ್ಕ್ರೀನ್ ಎಲ್ಲದರ ಬಿಳುಪಿನ ಹಿಂದೆ ಇರುವುದು ಅದೇ. ಕೇರಳದ ಚವರ ಕಡಲತೀರದ ಮರಳಿನಿಂದ ಅದನ್ನು ನಮ್ಮ ದೇಶದಲ್ಲೇ ತಯಾರಿಸಲಾಗುತ್ತದೆ. ಈ ವಸ್ತುವಿನ ಕಣವನ್ನು ನ್ಯಾನೋಮೀಟರ್ ಗಾತ್ರಕ್ಕೆ ಇಳಿಸಿ, ಸರಿಯಾದ ಹರಳಿನ ರೂಪದಲ್ಲಿ ತೆಳುವಾಗಿ ಹರಡಿದಾಗ ಅದರ ಗುಣ ಬೇರೆಯೇ ಆಗುತ್ತದೆ. ಒಂದು ನ್ಯಾನೋಮೀಟರ್ ಎಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಭಾಗ.

ಅದರ ಮೇಲೆ ನೇರಳಾತೀತ ಕಿರಣ ಬಿದ್ದಾಗ ಒಳಗಿನ ಎಲೆಕ್ಟ್ರಾನ್ ತನ್ನ ಜಾಗ ಬಿಟ್ಟು ಮೇಲಕ್ಕೆ ಜಿಗಿಯುತ್ತದೆ. ಅದು ಬಿಟ್ಟುಹೋದ ಖಾಲಿ ಜಾಗ, ಮೇಲ್ಮೈಗೆ ಅಂಟಿದ ನೀರಿನ ಅಂಶದಿಂದ ಎಲೆಕ್ಟ್ರಾನ್ ಕಿತ್ತುಕೊಳ್ಳುತ್ತದೆ. ಜಿಗಿದ ಎಲೆಕ್ಟ್ರಾನ್ ಗಾಳಿಯ ಆಮ್ಲಜನಕಕ್ಕೆ ಅಂಟಿಕೊಳ್ಳುತ್ತದೆ. ಈ ಎರಡೂ ಕಡೆಯಿಂದ ಹುಟ್ಟುವ ರಾಸಾಯನಿಕ ತುಣುಕುಗಳು ಎಷ್ಟು ಚುರುಕು ಎಂದರೆ ಎಣ್ಣೆಯ ಪಸೆ, ಹೊಗೆಯ ಜಿಡ್ಡು, ಬ್ಯಾಕ್ಟೀರಿಯಾದ ಹೊದಿಕೆ ಹೀಗೆ ಇಂಗಾಲದಿಂದ ಕಟ್ಟಿದ ಏನೇ ಸಿಕ್ಕರೂ ಅದನ್ನು ತುಂಡರಿಸುತ್ತ ಹೋಗುತ್ತವೆ. ಕೊನೆಗೆ ಉಳಿಯುವುದು ಬಹುಪಾಲು ಇಂಗಾಲದ ಡೈಆಕ್ಸೈಡ್ ಮತ್ತು ನೀರು. ಒಲೆಯಿಲ್ಲದೆ, ಬೆಂಕಿಯಿಲ್ಲದೆ ಕೊಳೆಯನ್ನು ನಿಧಾನಕ್ಕೆ ಸುಟ್ಟಂತೆ.

ಎರಡನೆಯ ಗುಣವೂ ಒಂದಿದೆ. 1997ರಲ್ಲಿ ಜಪಾನಿನ ವಿಜ್ಞಾನಿಗಳು ತೋರಿಸಿದಂತೆ, ಬೆಳಕು ಕಂಡ ಈ ಪದರದ ಮೇಲೆ ನೀರು ಹನಿಯಾಗಿ ನಿಲ್ಲುವುದಿಲ್ಲ, ಹಾಳೆಯಂತೆ ಹರಡಿಕೊಳ್ಳುತ್ತದೆ. ಹರಡಿದ ನೀರು ಕೊಳೆಯ ಅಡಿಗೆ ನುಗ್ಗಿ ಅದನ್ನು ಎತ್ತಿಕೊಂಡು ಕೆಳಗೆ ಜಾರುತ್ತದೆ. ಒಣಗಿದ ಮೇಲೆ ಹನಿಯ ಕಲೆಯೂ ಉಳಿಯುವುದಿಲ್ಲ. ಇಲ್ಲಿ ಜನ ಸಾಮಾನ್ಯವಾಗಿ ಗೊಂದಲ ಮಾಡಿಕೊಳ್ಳುತ್ತಾರೆ. ತಾವರೆ ಎಲೆಯ ಮೇಲಿನ ನೀರಿನಂತೆ ಹನಿ ಉರುಳಿಹೋಗುವ ಲೇಪನ ಬೇರೆ, ಇದು ಬೇರೆ. ಕಾರುಗಳಿಗೆ, ಬಾತ್‌ರೂಮ್ ಗಾಜಿಗೆ 'ನ್ಯಾನೋ' ಹೆಸರಿನಲ್ಲಿ ಮಾರುವ ಬಹಳಷ್ಟು ದ್ರಾವಣಗಳು ತಾವರೆ ಎಲೆಯ ಜಾತಿಯವು. ಅವಕ್ಕೂ ಬೆಳಕಿಗೂ ಸಂಬಂಧವೇ ಇಲ್ಲ. ನೀರು ಎರಚಿ ಹನಿ ಉರುಳುವುದನ್ನು ತೋರಿಸಿ 'ನೋಡಿ, ಬಿಸಿಲಿಗೆ ತಾನೇ ಕ್ಲೀನ್ ಆಗುತ್ತೆ' ಎಂದು ಯಾರಾದರೂ ಹೇಳಿದರೆ, ಅವರು ಎರಡು ಬೇರೆ ಬೇರೆ ಸರಕನ್ನು ಒಂದೇ ಚೀಲಕ್ಕೆ ತುಂಬುತ್ತಿದ್ದಾರೆ ಎಂದೇ ಅರ್ಥ.

ಬ್ರಿಟನ್ನಿನ ಪಿಲ್ಕಿಂಗ್ಟನ್ ಕಂಪನಿ 2001ರಲ್ಲಿ ಇಂಥ ಕಿಟಕಿ ಗಾಜನ್ನು ಮಾರುಕಟ್ಟೆಗೆ ತಂದಿತು. ಅದರ ಮೇಲಿನ ಪದರದ ದಪ್ಪ ಸುಮಾರು 15 ನ್ಯಾನೋಮೀಟರ್ ಅಷ್ಟೆ. ಯುರೋಪಿನ ಮೋಡ ಮುಸುಕಿದ, ಆಗಾಗ ಜಿನುಗು ಮಳೆ ಬೀಳುವ ಊರುಗಳಲ್ಲಿ ಅದು ಹೇಳಿದ ಕೆಲಸವನ್ನು ಹೆಚ್ಚುಕಡಿಮೆ ಮಾಡುತ್ತದೆ. ಈ 'ಆಗಾಗ ಜಿನುಗು ಮಳೆ' ಎಂಬ ಮಾತನ್ನು ನೆನಪಿಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತದೆ.

ಬೆಳ್ಳಿ, ಬಂಗಾರ, ತಾಮ್ರಕ್ಕೇನು ಕೆಲಸ?

ಟೈಟೇನಿಯಂ ಡೈಆಕ್ಸೈಡ್‌ಗೆ ಒಂದು ದೊಡ್ಡ ಕೊರತೆಯಿದೆ. ಅದು ಕೆಲಸ ಮಾಡುವುದು ನೇರಳಾತೀತ ಕಿರಣಕ್ಕೆ ಮಾತ್ರ. ತರಂಗಾಂತರ ಸುಮಾರು 388 ನ್ಯಾನೋಮೀಟರ್ ದಾಟಿತೆಂದರೆ ಅದಕ್ಕೆ ಬೆಳಕು ಬಿದ್ದದ್ದೇ ಗೊತ್ತಾಗುವುದಿಲ್ಲ. ನೆಲಕ್ಕೆ ತಲುಪುವ ಸೂರ್ಯನ ಶಕ್ತಿಯಲ್ಲಿ ನೇರಳಾತೀತದ ಪಾಲು ಶೇ 5ರ ಆಸುಪಾಸು. ಅಂದರೆ ನೂರು ರೂಪಾಯಿ ಬಿಸಿಲಿನಲ್ಲಿ ಐದು ರೂಪಾಯಿಯಷ್ಟೇ ಉಪಯೋಗ, ಉಳಿದದ್ದು ವ್ಯರ್ಥ.

ಲೋಹದ ನ್ಯಾನೋಕಣಗಳು ಬರುವುದು ಇಲ್ಲಿ. ಬೆಳ್ಳಿ, ಚಿನ್ನವನ್ನು ಕೆಲವು ಹತ್ತು ನ್ಯಾನೋಮೀಟರ್‌ಗಳಷ್ಟು ಚಿಕ್ಕದಾಗಿಸಿದಾಗ ಅದರೊಳಗಿನ ಎಲೆಕ್ಟ್ರಾನ್‌ಗಳು ಕಣ್ಣಿಗೆ ಕಾಣುವ ಬೆಳಕಿಗೆ ಒಟ್ಟಾಗಿ ತೂಗಾಡತೊಡಗುತ್ತವೆ, ಜಾತ್ರೆಯ ತೊಟ್ಟಿಲಿನಂತೆ. ಬೆಳ್ಳಿ ಕಣಗಳು ಸುಮಾರು 400 ನ್ಯಾನೋಮೀಟರ್ ತರಂಗಾಂತರದ ನೇರಳೆ ಬೆಳಕನ್ನು, ಚಿನ್ನದ ಕಣಗಳು 520ರ ಸುಮಾರಿನ ಹಸಿರು ಬೆಳಕನ್ನು ಜೋರಾಗಿ ಹೀರುತ್ತವೆ. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿ ನಾಲ್ಕನೇ ಶತಮಾನದ ರೋಮನ್ ಗಾಜಿನ ಲೋಟವೊಂದಿದೆ. ಹೊರಗಿನ ಬೆಳಕಿಗೆ ಹಸಿರು, ಒಳಗೆ ದೀಪ ಇಟ್ಟರೆ ಕೆಂಪು. ಗಾಜಿನೊಳಗೆ ಸೇರಿಹೋದ ಚಿನ್ನ-ಬೆಳ್ಳಿಯ ನ್ಯಾನೋಕಣಗಳ ಆಟವೇ ಅದು. ಮಾಡಿದವನಿಗೆ ನ್ಯಾನೋ ಎಂಬುದು ಗೊತ್ತಿರಲಿಲ್ಲ, ಬಣ್ಣ ಗೊತ್ತಿತ್ತು.

ಈ ಕಣಗಳನ್ನು ಟೈಟೇನಿಯಂ ಡೈಆಕ್ಸೈಡ್ ಮೇಲೆ ಚಿಮುಕಿಸಿದರೆ ಎರಡು ಲಾಭ. ಕಾಣುವ ಬೆಳಕಿನ ಶಕ್ತಿ ಲೋಹದ ಮೂಲಕ ಪದರಕ್ಕೆ ದಾಟುತ್ತದೆ. ಜೊತೆಗೆ, ಜಿಗಿದ ಎಲೆಕ್ಟ್ರಾನ್ ಮರಳಿ ತನ್ನ ಖಾಲಿ ಜಾಗಕ್ಕೆ ಬೀಳದಂತೆ ಲೋಹ ಅದನ್ನು ಹಿಡಿದಿಟ್ಟುಕೊಳ್ಳುತ್ತದೆ. ಹಾಗೆ ಬಿದ್ದುಬಿಟ್ಟರೆ ಶಕ್ತಿಯೆಲ್ಲ ಶಾಖವಾಗಿ ಹೋಗುತ್ತದೆ, ಕೊಳೆ ಅಲ್ಲೇ ಇರುತ್ತದೆ.

ಈ ದಿಕ್ಕಿನಲ್ಲಿ ಭಾರತದಲ್ಲೂ ಹೆಚ್ಚು ಸುದ್ದಿಯಾದದ್ದು 2016ರ ಒಂದು ಪ್ರಯೋಗ. ಆಸ್ಟ್ರೇಲಿಯಾದ ಮೆಲ್ಬರ್ನ್‌ನ ಆರ್‌ಎಂಐಟಿ ವಿಶ್ವವಿದ್ಯಾಲಯದಲ್ಲಿ ರಾಜೇಶ್ ರಾಮನಾಥನ್ ಮತ್ತು ಸಹೋದ್ಯೋಗಿಗಳು ಹತ್ತಿ ಬಟ್ಟೆಯ ನೂಲಿನ ಮೇಲೆಯೇ ಬೆಳ್ಳಿ ಮತ್ತು ತಾಮ್ರದ ನ್ಯಾನೋರಚನೆಗಳನ್ನು ಬೆಳೆಸಿದರು. ಬಟ್ಟೆಯನ್ನು ದ್ರಾವಣಗಳಲ್ಲಿ ಅದ್ದಿ ತೆಗೆಯುವ ಸರಳ ವಿಧಾನ, ಸುಮಾರು ಅರ್ಧ ಗಂಟೆಯ ಕೆಲಸ. ಬೆಳಕಿಗೆ ಒಡ್ಡಿದಾಗ ಕೆಲವು ತುಣುಕುಗಳು ಆರು ನಿಮಿಷದೊಳಗೆ ಶುಚಿಯಾದವು. 'ಇನ್ನು ಬಟ್ಟೆ ಒಗೆಯುವುದೇ ಬೇಡ' ಎಂಬ ಶೀರ್ಷಿಕೆಗಳು ಎಲ್ಲೆಡೆ ಹಾರಾಡಿದವು. ವಾಷಿಂಗ್ ಮಷಿನ್ ಎಸೆಯುವ ಮೊದಲು ಮಾಡಬೇಕಾದ ಕೆಲಸ ಇನ್ನೂ ಇದೆ ಎಂದು ಸಂಶೋಧಕರೇ ಹೇಳಿದ್ದ ಮಾತು ಮಾತ್ರ ಆ ಸುದ್ದಿಗಳ ಕೊನೆಯ ಪ್ಯಾರಾದಲ್ಲಿ ಮುದುಡಿ ಕೂತಿತ್ತು. ಪ್ರಯೋಗಾಲಯದಲ್ಲಿ ಬಟ್ಟೆಗೆ ಹಾಕುವ ಅಳತೆಯ ಕಲೆಯೇ ಬೇರೆ, ಲೋಕಲ್ ಟ್ರೇನ್ ಹತ್ತಿಳಿದ ಅಂಗಿಯ ಕಾಲರ್ ಬೇರೆ.

ಲೋಹ ಸೇರಿಸಿದ ಮಾತ್ರಕ್ಕೆ ಎಲ್ಲವೂ ಸುಧಾರಿಸುತ್ತದೆ ಎಂದೂ ಅಲ್ಲ. ಈ ಪಾಠ ಬೆಂಗಳೂರಿನಿಂದಲೇ ಬಂದಿದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆ.ಸಿ. ಪಾಟೀಲ್ ರೂಪಿಸಿದ ದಹನ ವಿಧಾನ ಬಳಸಿ, ಅದೇ ಸಂಸ್ಥೆಯ ಎಂ.ಎಸ್. ಹೆಗ್ಡೆ, ಗಿರಿಧರ್ ಮದ್ರಾಸ್ ಅವರ ತಂಡ ಅತಿ ಸಣ್ಣ ಕಣಗಳ ಟೈಟೇನಿಯಂ ಡೈಆಕ್ಸೈಡ್ ತಯಾರಿಸಿತು. ನಂತರ ಅದರ ಹರಳಿನೊಳಗೆ ಟಂಗ್‌ಸ್ಟನ್, ವನೇಡಿಯಂ, ಕಬ್ಬಿಣ, ತಾಮ್ರ ಮುಂತಾದ ಲೋಹಗಳ ಅಯಾನುಗಳನ್ನು ಸೇರಿಸಿ 2004ರಲ್ಲಿ ಫಲಿತಾಂಶ ಪ್ರಕಟಿಸಿತು. ನೇರಳಾತೀತದಲ್ಲೂ, ಬಿಸಿಲಿನಲ್ಲೂ ಲೋಹ ಸೇರಿದ ಮಾದರಿಗಳಿಗಿಂತ ಏನೂ ಬೆರೆಸದ ಮಾದರಿಯೇ ಚುರುಕಾಗಿತ್ತು. ಹರಳಿನೊಳಗೆ ಅಯಾನು ಸೇರಿಸುವುದೂ, ಮೇಲ್ಮೈ ಮೇಲೆ ಲೋಹದ ಕಣ ಕೂರಿಸುವುದೂ ಒಂದೇ ಅಲ್ಲ, ನಿಜ. ಆದರೆ 'ಬೆಳ್ಳಿ ಬೆರೆಸಿದೆ, ಆದ್ದರಿಂದ ಹತ್ತು ಪಟ್ಟು ಪವರ್' ಎಂಬ ಮಾತನ್ನು ನಂಬುವ ಮೊದಲು ಅಳತೆಯ ಕಾಗದ ಕೇಳಬೇಕು ಎನ್ನಲು ಇಷ್ಟು ಸಾಕು.

ಧೂಳು ಸುಡುವುದಿಲ್ಲ

ಈಗ ನಮ್ಮ ಊರುಗಳ ಮಾತಿಗೆ ಬರೋಣ. ಇಡೀ ಚರ್ಚೆಯಲ್ಲಿ ಬಹುಮಂದಿ ದಾಟಿ ಹೋಗುವ ಸರಳ ಸಂಗತಿಯೊಂದಿದೆ. ಈ ಲೇಪನ ಒಡೆಯುವುದು ಇಂಗಾಲದ ಕೊಳೆಯನ್ನು ಮಾತ್ರ. ಮಣ್ಣು, ಸಿಮೆಂಟು, ಮರಳಿನ ಪುಡಿ ಮೊದಲೇ ಸುಟ್ಟು ಬೂದಿಯಾದ ವಸ್ತುವಿನಂತೆ, ಅವುಗಳಲ್ಲಿ ಇನ್ನು ಸುಡಲು ಏನೂ ಉಳಿದಿಲ್ಲ. ಎಷ್ಟೇ ಬಿಸಿಲು ಬಿದ್ದರೂ ಧೂಳು ಧೂಳಾಗಿಯೇ ಇರುತ್ತದೆ.

ಹಾಗಾದರೆ ನಮ್ಮಲ್ಲಿ ಕೂರುವ ಕೊಳೆಯಲ್ಲಿ ಯಾವುದು ಎಷ್ಟು? ಐಐಟಿ ಗಾಂಧಿನಗರ ಮತ್ತು ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಸಂಶೋಧಕರು 2017ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಉತ್ತರ ಕೊಡುತ್ತದೆ. ಗಾಂಧಿನಗರದ ಕ್ಯಾಂಪಸ್ಸಿನ ಸೌರ ಫಲಕಗಳನ್ನು ಕೆಲವು ವಾರಗಳಿಗೊಮ್ಮೆ ತೊಳೆಯಲಾಗುತ್ತಿತ್ತು. ತೊಳೆದಾಗಲೆಲ್ಲ ವಿದ್ಯುತ್ ಉತ್ಪಾದನೆ ಸುಮಾರು ಶೇ 50ರಷ್ಟು ಜಿಗಿಯುತ್ತಿತ್ತು. ಫಲಕಗಳ ಮೇಲಿನ ಕೊಳೆಯನ್ನು ಕೆರೆದು ಪರೀಕ್ಷಿಸಿದಾಗ ಶೇ 92ರಷ್ಟು ಬರೀ ಧೂಳು. ಉಳಿದದ್ದು ವಾಹನ, ಕಾರ್ಖಾನೆ, ಒಲೆಗಳಿಂದ ಬಂದ ಇಂಗಾಲ ಮತ್ತು ಲವಣದ ಕಣಗಳು. ಆ ಉಳಿದ ಭಾಗ ತೂಕದಲ್ಲಿ ಕಡಿಮೆಯಾದರೂ ಬೆಳಕನ್ನು ತಡೆಯುವುದರಲ್ಲಿ ಧೂಳಿಗಿಂತ ಹೆಚ್ಚು ಸಮರ್ಥ, ಜೊತೆಗೆ ಅಂಟು ಜಾಸ್ತಿ ಎಂಬುದನ್ನೂ ಅವರು ಹೇಳಿದ್ದಾರೆ. ಹಾಗಾಗಿ ಲೇಪನ ಪೂರ್ತಿ ನಿರುಪಯುಕ್ತ ಎನ್ನಲಾಗದು. ಜಿಡ್ಡು ಒಡೆದರೆ ಧೂಳಿನ ಹಿಡಿತವೂ ಸಡಿಲವಾಗುತ್ತದೆ. ಆದರೆ ಸಡಿಲವಾದ ಧೂಳನ್ನು ಕೆಳಗಿಳಿಸಲು ನೀರು ಬೇಕೇ ಬೇಕು.

ಜಿನುಗು ಮಳೆಯ ಮಾತು ಬೇಕಾಗುವುದು ಇಲ್ಲೇ. ಲಂಡನ್ನಿನಲ್ಲಿ ವರ್ಷವಿಡೀ ಹಂಚಿಕೊಂಡು ಬೀಳುವ ಮಳೆ ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದು ಮುಗಿಯುತ್ತದೆ. ಪುಣೆ, ಹೈದರಾಬಾದ್, ದೆಹಲಿಗಳಲ್ಲಿ ಆಮೇಲೆ ತಿಂಗಳುಗಟ್ಟಲೆ ಒಂದು ಹನಿ ಇಲ್ಲ. ಧೂಳು ಜಾಸ್ತಿಯಾಗುವುದು ಆ ಒಣ ತಿಂಗಳುಗಳಲ್ಲೇ. ಲೇಪನದ ಮೇಲೆ ಧೂಳಿನ ಪದರ ದಪ್ಪವಾದಂತೆ ಅಡಿಯಲ್ಲಿರುವ ಟೈಟೇನಿಯಂಗೆ ಬೆಳಕೇ ತಲುಪುವುದಿಲ್ಲ. ತೊಳೆಯಬೇಕಾದವನೇ ಕೊಳೆಯಡಿ ಮಲಗಿಬಿಟ್ಟಂತಾಗುತ್ತದೆ ಪರಿಸ್ಥಿತಿ.

ಮುಂಬೈ, ಮಂಗಳೂರಿನಂಥ ಕರಾವಳಿ ಊರುಗಳ ಲೆಕ್ಕ ಸ್ವಲ್ಪ ಬೇರೆ. ಅಲ್ಲಿ ಗೋಡೆ ಕೆಡಿಸುವುದು ಮುಖ್ಯವಾಗಿ ಪಾಚಿ ಮತ್ತು ಬೂಸ್ಟು. ಎರಡೂ ಜೀವಿಗಳು, ಇಂಗಾಲದಿಂದ ಆದವು, ಮಳೆಯೂ ಧಾರಾಳ. ಕಾಗದದ ಮೇಲೆ ಇದು ಲೇಪನಕ್ಕೆ ಹೇಳಿ ಮಾಡಿಸಿದ ಜಾಗ. ಆದರೆ ಪಾಚಿ ಬೆಳೆಯುವ ಆ ನಾಲ್ಕು ತಿಂಗಳು ಆಕಾಶ ಮೋಡ ಕವಿದಿರುತ್ತದೆ. ಪಕ್ಕದ ಟವರಿನ ನೆರಳು ಬೀಳುವ, ಉತ್ತರಕ್ಕೆ ಮುಖ ಮಾಡಿದ ಗೋಡೆಗೆ ಬಿಸಿಲು ಮೊದಲೇ ಕಡಿಮೆ, ಪಾಚಿ ಜಾಸ್ತಿ. ಬಿಸಿಲು ಚೆನ್ನಾಗಿ ಬೀಳುವ ಗೋಡೆಯಲ್ಲಿ ಪಾಚಿ ತಡವಾಗಿ ಬಂದೀತು ಎಂದು ನಿರೀಕ್ಷಿಸಬಹುದು. ಎಲ್ಲ ಗೋಡೆಗೂ ಒಂದೇ ರೇಟಿನಲ್ಲಿ ಹತ್ತು ವರ್ಷದ ಗ್ಯಾರಂಟಿ ಎನ್ನುವ ಕೊಟೇಶನ್ ಸಿಕ್ಕರೆ ಸೊಸೈಟಿಯ ಕಾರ್ಯದರ್ಶಿ ಸ್ವಲ್ಪ ತಡೆದು ನೋಡುವುದು ಲೇಸು.

ಸೌರ ವಿದ್ಯುತ್ತಿನ ವಿಷಯದಲ್ಲಿ ಇದು ಸಣ್ಣ ಪ್ರಶ್ನೆಯಲ್ಲ. ಜಗತ್ತಿನ ಸೌರ ಫಲಕಗಳನ್ನು ತೊಳೆಯಲು ವರ್ಷಕ್ಕೆ ಸುಮಾರು 1,000 ಕೋಟಿ ಗ್ಯಾಲನ್ ನೀರು ಬಳಕೆಯಾಗುತ್ತದೆ ಎಂಬ ಅಂದಾಜನ್ನು ಅಮೆರಿಕದ ಎಂಐಟಿ ಸಂಶೋಧಕರು 2022ರಲ್ಲಿ ಮುಂದಿಟ್ಟಿದ್ದರು. 20 ಲಕ್ಷ ಜನರ ಕುಡಿಯುವ ನೀರಿಗೆ ಸಾಕಾಗುವಷ್ಟು ಅದು. ರಾಜಸ್ಥಾನದ ಭಡ್ಲಾ, ತುಮಕೂರು ಜಿಲ್ಲೆಯ ಪಾವಗಡದಂಥ ದೊಡ್ಡ ಸೌರ ಪಾರ್ಕ್‌ಗಳು ಇರುವುದೇ ಬರದ ನಾಡಿನಲ್ಲಿ. ಪಾವಗಡದ್ದು 2,050 ಮೆಗಾವಾಟ್ ಸಾಮರ್ಥ್ಯ. ಟ್ಯಾಂಕರ್ ನೀರಿಗೆ ಕಾಯುವ ತಾಲೂಕಿನಲ್ಲಿ ಫಲಕ ತೊಳೆಯಲು ನೀರು ಸುರಿಯುವುದು ಯಾರಿಗೂ ಸಮಾಧಾನದ ವಿಷಯವಲ್ಲ. ಆದರೆ ಅಲ್ಲಿ ಕೂರುವುದು ಕೆಂಪು ಮಣ್ಣಿನ ಧೂಳು, ಹೊಗೆಯ ಜಿಡ್ಡಲ್ಲ. ನೀರಿಲ್ಲದೆ ಬ್ರಷ್‌ನಿಂದ ಒರೆಸುವ ರೋಬೋಗಳು, ಎಂಐಟಿಯವರು ಸೂಚಿಸಿದ ಸ್ಥಾಯೀ ವಿದ್ಯುತ್ತಿನಿಂದ ಧೂಳು ಚಿಮ್ಮಿಸುವ ವಿಧಾನ ಇಂಥ ಕಡೆ ಬೆಳಕಿನ ಲೇಪನಕ್ಕಿಂತ ಹೆಚ್ಚು ಅರ್ಥಪೂರ್ಣ.

ಹೊಗೆ ತಿನ್ನುವ ಗೋಡೆ: ಬ್ರಸೆಲ್ಸ್ ಕಲಿಸಿದ್ದು

ಗೋಡೆಯ ಶುಚಿಗಿಂತ ದೊಡ್ಡ ಹೇಳಿಕೆ ಗಾಳಿಯ ಶುಚಿಯದ್ದು. ವಾಹನಗಳು ಉಗುಳುವ ನೈಟ್ರೋಜನ್ ಆಕ್ಸೈಡ್‌ಗಳು ಲೇಪನ ಮುಟ್ಟಿದರೆ ನೈಟ್ರೇಟ್ ಆಗಿ ಬದಲಾಗುತ್ತವೆ, ಮಳೆಗೆ ತೊಳೆದುಹೋಗುತ್ತವೆ. ಪ್ರಯೋಗಾಲಯದ ಪೆಟ್ಟಿಗೆಯಲ್ಲಿ ಇದು ನಡೆಯುತ್ತದೆ, ಅನುಮಾನವಿಲ್ಲ. ಅಮೆರಿಕದ ವಾಸ್ತುಶಿಲ್ಪಿ ರಿಚರ್ಡ್ ಮೇಯರ್ ರೋಮ್‌ನಲ್ಲಿ ಕಟ್ಟಿದ, 2003ರಲ್ಲಿ ತೆರೆದ ಜ್ಯೂಬಿಲಿ ಚರ್ಚ್‌ಗೆ ಇಟಲಿಯ ಇಟಾಲ್ಚಿಮೆಂಟಿ ಕಂಪನಿ ಇಂಥ ಸಿಮೆಂಟನ್ನೇ ಒದಗಿಸಿತ್ತು. ಹಾಯಿಪಟದಂತೆ ಬಾಗಿದ ಅದರ ಬಿಳಿ ಗೋಡೆಗಳು ಜಗತ್ಪ್ರಸಿದ್ಧವಾದವು. ವರ್ಷಗಳು ಕಳೆದಂತೆ ಆ ಬಿಳುಪಿನ ಮೇಲೂ ಕಲೆಗಳು ಮೂಡಿ, ಕಟ್ಟಡ ಸಂರಕ್ಷಣೆಯ ತಜ್ಞರ ಚರ್ಚೆಗೆ ವಸ್ತುವಾಯಿತು. ಮೆಕ್ಸಿಕೊ ಸಿಟಿಯ ಆಸ್ಪತ್ರೆಯೊಂದಕ್ಕೆ 2013ರಲ್ಲಿ 2,500 ಚದರ ಮೀಟರ್‌ನ ಜಾಲರಿ ಮುಖವಾಡ ತೊಡಿಸಿ, ದಿನಕ್ಕೆ ಸಾವಿರ ವಾಹನಗಳ ಹೊಗೆಯ ಪರಿಣಾಮವನ್ನು ಅದು ಅಳಿಸುತ್ತದೆ ಎಂದು ಹೇಳಿಕೊಳ್ಳಲಾಗಿತ್ತು. ಲಕ್ಷಗಟ್ಟಲೆ ವಾಹನಗಳಿರುವ ನಗರ ಅದು. ಹೇಳಿಕೆ ಪೂರ್ತಿ ನಿಜವೇ ಆದರೂ ಸಮುದ್ರಕ್ಕೆ ಉಪ್ಪು ಹಾಕಿದಷ್ಟು.

ನಿಜವಾದ ಬೀದಿಯಲ್ಲಿ ಅಳೆದು ನೋಡಿದಾಗ ಏನಾಗುತ್ತದೆ? ಐರೋಪ್ಯ ಒಕ್ಕೂಟದ ನೆರವಿನ ಫೋಟೋಪ್ಯಾಕ್ ಯೋಜನೆಯ ವಿಜ್ಞಾನಿಗಳು ಬ್ರಸೆಲ್ಸ್‌ನ ಲಿಯೋಪೋಲ್ಡ್ 2 ಸುರಂಗ ರಸ್ತೆಯ ಒಂದು ಭಾಗಕ್ಕೆ ಲೇಪನ ಬಳಿದು, ನೇರಳಾತೀತ ದೀಪಗಳನ್ನೂ ಹಚ್ಚಿ ಅಳೆದರು. ಸುರಂಗವೆಂದರೆ ಲೇಪನಕ್ಕೆ ಅನುಕೂಲದ ಜಾಗ, ಹೊಗೆ ತಪ್ಪಿಸಿಕೊಳ್ಳಲು ದಾರಿಯಿಲ್ಲ. ಆದರೂ ಸಿಕ್ಕ ಇಳಿಕೆ ಶೇ 2ಕ್ಕಿಂತ ಕಡಿಮೆ. ಸುರಂಗದ ಕೊಳೆ ಮತ್ತು ತೇವ ಲೇಪನದ ಚುರುಕನ್ನು ಕುಂದಿಸಿದ್ದವು, ಬೆಳಕಿನ ತೀವ್ರತೆ ಸಾಲಲಿಲ್ಲ, ಗಾಳಿಯ ವೇಗಕ್ಕೆ ಹೊಗೆ ಗೋಡೆ ಮುಟ್ಟುವ ಮೊದಲೇ ದಾಟಿಹೋಗುತ್ತಿತ್ತು. ಬ್ರಿಟನ್ ಸರ್ಕಾರದ ವಾಯು ಗುಣಮಟ್ಟ ತಜ್ಞರ ಸಮಿತಿಯೂ 2016ರ ವರದಿಯಲ್ಲಿ, ಇಂಥ ಬಣ್ಣ ಮತ್ತು ಮೇಲ್ಮೈಗಳಿಂದ ನಗರದ ಗಾಳಿಯಲ್ಲಿ ಗಣನೀಯ ಸುಧಾರಣೆ ಆಗುತ್ತದೆ ಎನ್ನಲು ಆಧಾರ ಸಾಲದು ಎಂಬ ತೀರ್ಮಾನಕ್ಕೇ ಬಂದಿತ್ತು. ಪೂರ್ತಿಯಾಗಿ ನಡೆಯದ ಕ್ರಿಯೆಯಿಂದ ನೈಟ್ರಸ್ ಆಮ್ಲ, ಫಾರ್ಮಾಲ್ಡಿಹೈಡ್‌ನಂಥ ಬೇಡದ ಅನಿಲಗಳು ಹುಟ್ಟುವ ಸಾಧ್ಯತೆಯನ್ನೂ ಸಂಶೋಧಕರು ಎತ್ತಿದ್ದಾರೆ.

ದೆಹಲಿಯ ಸ್ಥಿತಿ ಇದಕ್ಕಿಂತ ಕಠಿಣ. ಅಲ್ಲಿ ಚಳಿಗಾಲದಲ್ಲಿ ಉಸಿರು ಕಟ್ಟಿಸುವುದು ಮುಖ್ಯವಾಗಿ ಪಿಎಂ 2.5 ಎಂಬ ಸೂಕ್ಷ್ಮ ಕಣಗಳು, ಲೇಪನದ ಗುರಿ ಇರುವುದು ಅನಿಲಗಳ ಮೇಲೆ. ನೈಟ್ರೋಜನ್ ಆಕ್ಸೈಡ್‌ನಿಂದಲೂ ಸೂಕ್ಷ್ಮ ಕಣಗಳು ಹುಟ್ಟುತ್ತವೆ ಎಂಬುದು ಸರಿ, ಆದರೆ ಆ ದಾರಿ ಸುತ್ತುಬಳಸಿನದು. ಇನ್ನೊಂದು ವಿಪರ್ಯಾಸ, ಹೊಗೆಮಂಜು ಅತಿ ದಟ್ಟವಾಗುವ ದಿನಗಳಲ್ಲೇ ನೆಲಕ್ಕೆ ತಲುಪುವ ನೇರಳಾತೀತ ಕಿರಣ ಅತಿ ಕಡಿಮೆ. ಬೇಕಾದಾಗ ಕೈಕೊಡುವ ಗೆಳೆಯನ ಹಾಗೆ. ಕನಾಟ್ ಪ್ಲೇಸ್‌ನಲ್ಲಿ 2021ರಲ್ಲಿ ನಿಲ್ಲಿಸಿದ ಸ್ಮಾಗ್ ಟವರ್‌ನ ಅನುಭವ ನೋಡಿದವರಿಗೆ, ಬಯಲಿನ ಗಾಳಿಯನ್ನು ಒಂದು ಮೂಲೆಯಲ್ಲಿ ನಿಂತು ಸೋಸುವ ಲೆಕ್ಕಾಚಾರ ಯಾಕೆ ಕೈಹಿಡಿಯುವುದಿಲ್ಲ ಎಂದು ಬಿಡಿಸಿ ಹೇಳಬೇಕಿಲ್ಲ.

ತಾಜ್‌ಮಹಲ್ ವಿಷಯದಲ್ಲಿ ಮಾತ್ರ ಒಂದು ಕುತೂಹಲದ ಎಳೆಯಿದೆ. ಅದರ ಅಮೃತಶಿಲೆ ಹಳದಿಯಾಗಲು ಧೂಳಿನ ಜೊತೆಗೆ, ಕಸ-ಸೌದೆ ಸುಟ್ಟಾಗ ಬರುವ ಕಂದು ಇಂಗಾಲವೂ ಕಾರಣ ಎಂದು ಐಐಟಿ ಕಾನ್ಪುರ ಸೇರಿದ ತಂಡವೊಂದರ ಅಧ್ಯಯನ 2014ರ ಕೊನೆಗೆ ಹೇಳಿತ್ತು. ಕಂದು ಇಂಗಾಲ ಬೆಳಕಿನ ಲೇಪನಕ್ಕೆ ಒಗ್ಗುವ ಆಹಾರ. ಆದರೆ ನಾಳೆ ತೆಗೆಯಲಾಗದ ಯಾವುದನ್ನೂ ಸ್ಮಾರಕಕ್ಕೆ ಬಳಿಯಬಾರದು ಎಂಬುದು ಸಂರಕ್ಷಣೆಯ ಮೊದಲ ನಿಯಮ. ಪುರಾತತ್ವ ಇಲಾಖೆ ಮುಲ್ತಾನಿ ಮಿಟ್ಟಿ ಮೆತ್ತಿ ತೊಳೆಯುವ ಹಳೆ ಪದ್ಧತಿಗೇ ಅಂಟಿಕೊಂಡಿರುವುದರಲ್ಲಿ ತಪ್ಪು ಕಾಣುವುದಿಲ್ಲ.

ರೈಲು ಬೋಗಿಯಲ್ಲಿ ಬಿಸಿಲೆಲ್ಲಿ?

2020ರ ಜುಲೈನಲ್ಲಿ ಕಪೂರ್ತಲಾದ ರೈಲು ಬೋಗಿ ಕಾರ್ಖಾನೆ 'ಕೋವಿಡ್ ನಂತರದ ಬೋಗಿ'ಯೊಂದನ್ನು ಪ್ರದರ್ಶಿಸಿತು. ಕೈ ಹಿಡಿಕೆಗಳಿಗೆ ತಾಮ್ರದ ಲೇಪ, ಕಾಲಿನಿಂದ ಒತ್ತುವ ನಲ್ಲಿ, ಮತ್ತು ಸೀಟು, ಬರ್ತ್, ಊಟದ ಹಲಗೆ, ಕಿಟಕಿ, ನೆಲಕ್ಕೆಲ್ಲ ನ್ಯಾನೋ ಟೈಟೇನಿಯಂ ಡೈಆಕ್ಸೈಡ್ ಪದರ. ವೈರಾಣು, ಬ್ಯಾಕ್ಟೀರಿಯಾ, ಬೂಸ್ಟನ್ನು ಅದು ಕೊಲ್ಲುತ್ತದೆ, ಬಾಳಿಕೆ 12 ತಿಂಗಳು ಎಂದು ಇಲಾಖೆ ಹೇಳಿತ್ತು.

ತಾಮ್ರದ ಹಿಡಿಕೆಯ ವಿಚಾರ ಸರಿ. ತಾಮ್ರಕ್ಕೆ ಬೆಳಕಿನ ಹಂಗಿಲ್ಲ, ಕತ್ತಲಲ್ಲೂ ಸೂಕ್ಷ್ಮಾಣು ಕೊಲ್ಲುತ್ತದೆ. ತಾಮ್ರದ ಚೊಂಬಿನಲ್ಲಿ ನೀರಿಡುವ ಮನೆಗಳಿಗೆ ಇದು ಹೊಸ ಸುದ್ದಿಯೂ ಅಲ್ಲ. ಟೈಟೇನಿಯಂ ಪದರಕ್ಕಾದರೋ ನೇರಳಾತೀತ ಬೇಕು. ಎಸಿ ಬೋಗಿಯ ಬಣ್ಣದ ಗಾಜು ಅದನ್ನು ತಡೆಯುತ್ತದೆ, ಒಳಗಿನ ಎಲ್‌ಇಡಿ ದೀಪದಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ಕೆಳಗಿನ ಬರ್ತ್‌ನ ಮೂಲೆಗೆ, ಶೌಚಾಲಯದ ಗೋಡೆಗೆ ಬೆಳಕು ಎಲ್ಲಿಂದ ಬರಬೇಕು? ಕೋಣೆಯೊಳಗಿನ ಬೆಳಕಿಗೂ ಕೆಲಸ ಮಾಡಲೆಂದೇ ಜಪಾನಿನಲ್ಲಿ ತಾಮ್ರ, ಕಬ್ಬಿಣದ ಅಂಶ ಕೂರಿಸಿದ ಮಾದರಿಗಳು ಬಂದಿವೆ. ಲೋಹ ಸೇರಿಸುವ ಸಂಶೋಧನೆಗೆ ನಿಜವಾದ ಬೆಲೆ ಇರುವುದು ಆಸ್ಪತ್ರೆ, ಬೋಗಿ, ಶೌಚಾಲಯದಂಥ ಒಳಾಂಗಣಗಳಲ್ಲೇ. ಹೊರಗೋಡೆಗೆ ಬಳಿಯುವ ಸಾಮಾನ್ಯ ಲೇಪನವನ್ನೇ ತಂದು ಒಳಗೆ ಬಳಿದರೆ ಬಣ್ಣದ ಬಿಲ್ ಮಾತ್ರ ಉಳಿಯುತ್ತದೆ.

ತೊಳೆದ ಬೆಳ್ಳಿ ಎಲ್ಲಿಗೆ ಹೋಗುತ್ತದೆ

ಬೆಳ್ಳಿಯ ನ್ಯಾನೋಕಣ ಗೋಡೆಗೋ ನೂಲಿಗೋ ಅಂಟಿಕೊಂಡೇ ಇರುತ್ತದೆ ಎಂದು ಭರವಸೆಯಿಲ್ಲ. ಅಮೆರಿಕದ ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು 2008ರಲ್ಲಿ, ದುರ್ವಾಸನೆ ತಡೆಯುವ ನ್ಯಾನೋಬೆಳ್ಳಿಯ ಕಾಲುಚೀಲಗಳನ್ನು ಕೊಂಡು ನೀರಿನಲ್ಲಿ ಅಲುಗಿಸಿ ನೋಡಿದ್ದರು. ಕೆಲವು ಬ್ರ್ಯಾಂಡ್‌ಗಳು ನಾಲ್ಕೇ ಒಗೆತಕ್ಕೆ ಬಹುತೇಕ ಎಲ್ಲ ಬೆಳ್ಳಿಯನ್ನೂ ಕಳೆದುಕೊಂಡವು, ಇನ್ನು ಕೆಲವು ಹೆಚ್ಚೇನೂ ಬಿಡಲಿಲ್ಲ. ತಯಾರಿಕೆಯಲ್ಲೇ ಇದೆ ವ್ಯತ್ಯಾಸ. ಚರಂಡಿ ಸೇರಿದ ಬೆಳ್ಳಿಯ ಅಯಾನು ಮೀನು, ಜಲಸಸ್ಯಗಳಿಗೆ ವಿಷ. ಬೆಳ್ಳಿ ಅಯಾನು ಬಿಡುವ ವಾಷಿಂಗ್ ಮಷಿನ್‌ಗಳನ್ನು ಕೀಟನಾಶಕ ಕಾನೂನಿನಡಿ ತರುವುದಾಗಿ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2006ರಲ್ಲೇ ಹೇಳಿದ್ದು ಇದೇ ಕಾರಣಕ್ಕೆ.

ಟೈಟೇನಿಯಂ ಡೈಆಕ್ಸೈಡ್ ಗೋಡೆಗೆ ಕಚ್ಚಿಕೊಂಡಿರುವಾಗ ಭಯಪಡುವಂಥದ್ದಲ್ಲ. ಪುಡಿಯಾಗಿ ಉಸಿರಿಗೆ ಸೇರಿದರೆ ಮಾತು ಬೇರೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅದನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರಬಹುದಾದ ವಸ್ತುಗಳ ಪಟ್ಟಿಯಲ್ಲಿ ಇರಿಸಿರುವುದು, ಮುಖ್ಯವಾಗಿ ಪ್ರಾಣಿಗಳು ಪುಡಿ ಉಸಿರಾಡಿದಾಗ ಆದ ಪರಿಣಾಮ ನೋಡಿ. ಐರೋಪ್ಯ ಒಕ್ಕೂಟ 2022ರಲ್ಲಿ ಆಹಾರಕ್ಕೆ ಅದನ್ನು ಬೆರೆಸುವುದನ್ನೂ ನಿಷೇಧಿಸಿತು. ಲೇಪನದ ವಿಷಯದಲ್ಲಿ ಅಪಾಯ ಮೊದಲು ತಟ್ಟುವುದು ಕಟ್ಟಡದ ಮಾಲೀಕನಿಗಲ್ಲ, ಮುಖಕ್ಕೆ ಕರವಸ್ತ್ರ ಕಟ್ಟಿಕೊಂಡು ಸ್ಪ್ರೇ ಗನ್ ಹಿಡಿದ ಕಾರ್ಮಿಕನಿಗೆ. ಕರವಸ್ತ್ರ ನ್ಯಾನೋಕಣವನ್ನು ತಡೆಯುವುದಿಲ್ಲ.

ಬಾಳಿಕೆಯ ಪ್ರಶ್ನೆಯಲ್ಲಿ ಒಂದು ತಮಾಷೆಯೂ ಇದೆ. ಬಣ್ಣವನ್ನು ಹಿಡಿದಿಡುವ ಅಂಟು ಕೂಡ ಇಂಗಾಲದ ವಸ್ತುವೇ. ಚುರುಕಾದ ಟೈಟೇನಿಯಂ ಕೊಳೆಯ ಜೊತೆ ಆ ಅಂಟನ್ನೂ ತಿನ್ನುತ್ತದೆ, ಗೋಡೆ ಸುಣ್ಣದ ಪುಡಿಯಂತೆ ಉದುರತೊಡಗುತ್ತದೆ. ಅದಕ್ಕೇ ಮಾಮೂಲಿ ಬಿಳಿ ಬಣ್ಣದ ತಯಾರಕರು ಟೈಟೇನಿಯಂ ಕಣಕ್ಕೆ ಸಿಲಿಕಾ, ಅಲ್ಯುಮಿನಾದ ಅಂಗಿ ತೊಡಿಸಿ ಅದರ ಈ ಚುರುಕನ್ನು ಬೇಕೆಂದೇ ಅಡಗಿಸುತ್ತಾರೆ. ಬೆಳಕಿನ ಲೇಪನಕ್ಕೆ ಸಿಲಿಕೇಟ್‌ನಂಥ ಅಂಟೇ ಬೇಕು. ಸಾಧಾರಣ ಅಕ್ರಿಲಿಕ್ ಬಣ್ಣದ ಡಬ್ಬಕ್ಕೆ ಪುಡಿ ಕಲಸಿ ಕೊಡುವ ಅಗ್ಗದ ಉಪಾಯ ಎರಡು ಬೇಸಿಗೆ ದಾಟುವುದು ಕಷ್ಟ.

ನಿಯಮಗಳ ಕಡೆ ನೋಡಿದರೆ, ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ ನ್ಯಾನೋ ಔಷಧಗಳಿಗೆ 2019ರಲ್ಲಿ, ಕೃಷಿ ಮತ್ತು ಆಹಾರದ ನ್ಯಾನೋ ಉತ್ಪನ್ನಗಳಿಗೆ 2020ರಲ್ಲಿ ಮಾರ್ಗಸೂಚಿ ತಂದಿದೆ. ಗೋಡೆ, ಗಾಜಿನ ಲೇಪನ ಇವೆರಡರ ವ್ಯಾಪ್ತಿಗೂ ಬರುವುದಿಲ್ಲ. ಅಳೆಯುವ ವಿಧಾನಗಳಿಗೇನೂ ಕೊರತೆಯಿಲ್ಲ. ಬೆಳಕು ಬಿದ್ದ ಮೇಲೆ ನೀರು ಎಷ್ಟು ಹರಡುತ್ತದೆ ಎಂದು ನೋಡುವ ಐಎಸ್‌ಒ 27448, ನೀಲಿ ಬಣ್ಣ ಎಷ್ಟು ಬೇಗ ಮಾಸುತ್ತದೆ ಎಂದು ನೋಡುವ ಐಎಸ್‌ಒ 10678, ನೈಟ್ರಿಕ್ ಆಕ್ಸೈಡ್ ಇಳಿಕೆಗೆ ಐಎಸ್‌ಒ 22197 ಜಗತ್ತಿನೆಲ್ಲೆಡೆ ಬಳಕೆಯಲ್ಲಿವೆ. ಟೆಂಡರ್ ಕರೆಯುವ ಪಾಲಿಕೆಯಾಗಲಿ, ಕೊಟೇಶನ್ ತರಿಸುವ ಸೊಸೈಟಿಯಾಗಲಿ ಈ ಮೂರು ಸಂಖ್ಯೆಗಳ ಪರೀಕ್ಷಾ ವರದಿ ಕೇಳಬಹುದು. ಅದೂ ಹೊಸ ಮಾದರಿಯದ್ದಲ್ಲ, ಒಂದು ವರ್ಷ ಬಿಸಿಲು-ಮಳೆ-ಧೂಳು ಕಂಡ ಮಾದರಿಯದ್ದು.

ದೆಹಲಿಯಂಥ ನಗರ ರಸ್ತೆಗೆ ಲೇಪನ ಬಳಿದು ಪರೀಕ್ಷಿಸುವುದಾದರೆ ಅಳತೆ ನಡೆಯಬೇಕಾದದ್ದು ಮೇ ತಿಂಗಳ ಸುಡುಬಿಸಿಲಿನಲ್ಲಲ್ಲ, ಡಿಸೆಂಬರ್-ಜನವರಿಯ ಮಂಕು ಮಧ್ಯಾಹ್ನಗಳಲ್ಲಿ. ಲೇಪನ ಹಚ್ಚಿದ ರಸ್ತೆಯ ಪಕ್ಕದಲ್ಲೇ ಹಚ್ಚದ ರಸ್ತೆಯೊಂದನ್ನು ಇಟ್ಟುಕೊಂಡು, ಮನುಷ್ಯರು ಉಸಿರಾಡುವ ಎತ್ತರದಲ್ಲಿ, ಟೈರುಗಳು ಅದರ ಮೇಲೆ ಒಂದು ಚಳಿಗಾಲ ಪೂರ್ತಿ ಓಡಿದ ಮೇಲೆ.